ಕಟ್ಟು ಹಾಕಿದ್ದು ಯಾರು ಅಂತ ಬರೀರಿ

ನಮಸ್ಕಾರ. ಕೊಡಗಿನ ದೇವರಕಾಡು (ದೇವರ ಹೆಸರಲ್ಲಿ ಕಡಿಯದೇ ಬಿಟ್ಟ ಕಾಡು), ಹಬ್ಬದ ಕಟ್ಟು (ಊರ ಹಬ್ಬ ಮುಗಿಯೋ ತನಕದ ನಿರ್ಬಂಧ), ಕಕ್ಕಡ ಅನ್ನೋ ಮಳೆಗಾಲದ ತಿಂಗಳು ಎಲ್ಲ ಸೇರಿಸಿ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ, ನೇರವಾಗೇ ಹೇಳ್ತೀನಿ, ಆದ್ರೆ ದಯವಿಟ್ಟು ಕೈಬಿಡ್ಬೇಡಿ, ಒಳಗೆ ಒಳ್ಳೆ ಬರಹ ಇದೆ. ತೊಂದ್ರೆ ಏನಂದ್ರೆ ಕಾಡು ಉಳಿಸಿದ್ದಕ್ಕೆ, ಬೇಟೆ ಬಿಟ್ಟಿದ್ದಕ್ಕೆ, ಕಕ್ಕಡದಲ್ಲಿ ಮದುವೆ ಇಟ್ಕೊಳ್ಳದೇ ಇರೋದಕ್ಕೆ ಎಲ್ಲದಕ್ಕೂ 'ಸೆಲ್ಫ್ ಇಂಪೋಸ್ಡ್', ಅಂದ್ರೆ ತಾವೇ ಹಾಕ್ಕೊಂಡಿದ್ದು, ಅಂತ ಒಂದೇ ಮಾತು ಅಂಟಿಸಿದ್ದೀರ.

ಆ ಮಾತು ಬಳಸ್ಬೇಕಂದ್ರೆ ಮಿತಿ ಹಾಕಿದವರೂ ಅದನ್ನ ಪಾಲಿಸೋರೂ ಒಬ್ಬರೇ ಆಗಿರ್ಬೇಕು. ಯಾರೂ ಓಡಿಸದೇ ಒಬ್ಬ ತಾನಾಗೇ ದೇಶ ಬಿಟ್ಟು ದೂರ ಇದ್ರೆ ಅದು ಸೆಲ್ಫ್ ಇಂಪೋಸ್ಡ್ ಎಕ್ಸೈಲ್, ನಾನು ಕೇಳದೇ ಇದ್ರೂ ಶುಕ್ರವಾರದೊಳಗೆ ಮುಗಿಸ್ತೀನಿ ಅಂತ ನೀವೇ ಗಡುವು ಇಟ್ಕೊಂಡ್ರೆ ಅದು ಸೆಲ್ಫ್ ಇಂಪೋಸ್ಡ್ ಡೆಡ್‌ಲೈನ್. ಇಂಪೋಸ್ ಅನ್ನೋದ್ರಲ್ಲಿ ಹೇರಿದ ಭಾರ ಇದೆ, ಅದಕ್ಕೇ ನಿಮ್ಮ 'ಸೆಲ್ಫ್ ಇಂಪೋಸ್ಡ್ ಸಂತೋಷ' ಕೂರಲ್ಲ. ವಾಲಂಟರಿ, ಅಂದ್ರೆ ಇಷ್ಟಪಟ್ಟು ಒಪ್ಕೊಂಡಿದ್ದು, ಅನ್ನೋದನ್ನೂ ಇದರ ಜೊತೆ ಬೆರೆಸಿದ್ದೀರ. ಸಭೆಯಲ್ಲಿ ಹಾಕಿದ ಸವಾಲಿಗೆ ಅಲ್ಲೇ ಪದ್ಯ ಕಟ್ಟೋ ಅವಧಾನ ನೋಡಿದ್ರೆ ಗೊತ್ತಿರುತ್ತೆ, ನಿಷೇಧಾಕ್ಷರಿಯಲ್ಲಿ ಈ ಅಕ್ಷರ ಬರಕೂಡದು ಅಂತ ತಡೀತಾ ಹೋಗೋರು ಸವಾಲು ಹಾಕೋ ಪೃಚ್ಛಕರು, ಪದ್ಯ ಕಟ್ಟೋ ಅವಧಾನಿ ಒಪ್ಕೊಂಡೇ ಕೂತಿರ್ತಾರೆ, ಸೋ ಅದು ವಾಲಂಟರಿ ಅಷ್ಟೇ. ತುಟಿ ತಾಗೋ ಪ ಬ ಮ ಎಲ್ಲ ಬಿಟ್ಟು ನಿರೋಷ್ಠ್ಯ ಬರೀತೀನಿ ಅಂತ ಕವಿ ತಾನೇ ಹೊರಟ್ರೆ ಆಗ ಸೆಲ್ಫ್ ಇಂಪೋಸ್ಡ್.

ಬೇಟೆ ವಿಷ್ಯಕ್ಕೆ ಬನ್ನಿ. ಕೈಲ್‌ಪೊಳ್ದು ಅನ್ನೋ ಆಯುಧದ ಹಬ್ಬಕ್ಕೆ ಕೋವಿ ಪೂಜೆ ಮುಗಿಸಿ ಹಿಂದೆ ಬೇಟೆಗೆ ಹೋಗ್ತಿದ್ರು, ಈಗ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತೆ. ಮಧ್ಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅದನ್ನ ಹೇಳದೇ ತ್ಯಾಗ ಅಂತ ಬರೆದ್ರೆ ಓದೋರಿಗೆ ಸುಳ್ಳು ಹೇಳಿದ ಹಾಗಾಗುತ್ತೆ. ಕಕ್ಕಡವೂ ಹಾಗೇ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಜಡಿಮಳೆ, ಮನೆಮಂದಿಯೆಲ್ಲ ನಾಟಿ ಗದ್ದೆಯಲ್ಲಿ, ಮದುವೆಗೆ ಯಾರಿಗೆ ಪುರುಸೊತ್ತಿತ್ತು ಹೇಳಿ.

ನಿಮ್ಮ ಬರಹಕ್ಕೆ ಜೀವ ಬರೋದು ಹಬ್ಬದ ಕಟ್ಟಿನ ಹತ್ರ. ಊರಿನ ಮುಖ್ಯಸ್ಥರಾದ ತಕ್ಕರು, ಊರವರು ಸೇರಿ ಕಟ್ಟು ಹಾಕ್ತಾರೆ, ಅವತ್ತಿಂದ ಹಬ್ಬ ಮುಗಿಯೋ ತನಕ ಹಸಿ ಮರ ಕಡಿಯೋ ಹಾಗಿಲ್ಲ, ಪ್ರಾಣಿ ಕೊಲ್ಲೋ ಹಾಗಿಲ್ಲ. ಸೆಲ್ಫ್ ಅಂದ್ರೆ ಒಬ್ಬನೇ ಆಗ್ಬೇಕು ಅಂತೇನಿಲ್ಲ, ಇಡೀ ಊರು ತನಗೆ ತಾನೇ ಹಾಕ್ಕೊಂಡ್ರೂ ಆ ಪದ ನಿಲ್ಲುತ್ತೆ. ಆದ್ರೆ ಅದೇ ಊರಿನ ಎಸ್ಟೇಟ್ ಲೈನ್‌ಮನೆಯಲ್ಲಿ ಇರೋ ಕೆಲಸದವರನ್ನ ಕಟ್ಟು ಹಾಕುವಾಗ ಯಾರಾದ್ರೂ ಕರೆದು ಕೇಳಿದ್ರಾ? ಕೇಳಿಲ್ಲ ಅಂದ್ರೆ ಒಂದೇ ಕಟ್ಟು ಕೆಲವರು ಹಾಕ್ಕೊಂಡಿದ್ದು, ಇನ್ನು ಕೆಲವರ ಮೇಲೆ ಬಿದ್ದಿದ್ದು. ಮತ್ತೆ ಮೂರನೇ ಪುಟದಲ್ಲಿ ನಿಮ್ಮ ಅಜ್ಜಿ ಹೇಳ್ತಾರಲ್ಲ, ಇದು ನಾವು ಹಾಕಿದ್ದೇ ಅಲ್ಲ, ದೇವರು ಹಾಕಿದ್ದು ಅಂತ, ಆ ಸಾಲು ಓದಿ ನಾನು ತುಂಬಾ ಹೊತ್ತು ಯೋಚಿಸಿದೆ. ಅಜ್ಜಿ ಕಣ್ಣಲ್ಲಿ ನೋಡಿದ್ರೆ ಕೊಡಗಿನ 1200ಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಒಂದೂ ಸೆಲ್ಫ್ ಇಂಪೋಸ್ಡ್ ಅಲ್ಲ, ಕೊಡಲಿ ತಡೆದಿದ್ದು ದೇವರ ಭಯ, ನಮ್ಮ ಸಂಯಮ ಅಲ್ಲ. ಹೊರಗಿಂದ ಬಂದು ನೋಡೋ ರಿಸರ್ಚರ್‌ಗೆ ಮಾತ್ರ ಅದು ಜನ ತಾವೇ ಹಾಕ್ಕೊಂಡ ಮಿತಿ ಥರ ಕಾಣುತ್ತೆ. ನೀವು ಆ ಮನೆಯಲ್ಲೇ ಬೆಳೆದವರು, ಆದ್ರೂ ಹೊರಗಿನವರ ಪದ ಎತ್ಕೊಂಡು ಅಜ್ಜಿ ಮಾತನ್ನ ಒಂದು ಸಾಲಲ್ಲಿ ದಾಟಿಸಿಬಿಟ್ರಿ, ನಂಗೆ ಬೇಜಾರಾಗಿದ್ದು ಇದೇ.

ಅಜ್ಜಿ ಮಾತು ಮೊದಲನೇ ಪುಟಕ್ಕೆ ತನ್ನಿ. ಕಕ್ಕಡ, ಬೇಟೆ ಎರಡೂ ಬೇರೆ ಲೇಖನಕ್ಕಿಡಿ. ತಕ್ಕರ ಮನೆಗೆ ಹೋಗಿ ಕಟ್ಟು ಮುರಿದವರಿಗೆ ಏನು ಮಾಡ್ತಿದ್ರು, ಈಗೇನು ಮಾಡ್ತಾರೆ ಅಂತ ಕೇಳಿ, ಲೈನ್‌ಮನೆಗೂ ಹೋಗಿ ಅದನ್ನೇ ಕೇಳಿ, ಎರಡೂ ಉತ್ತರ ಅವರು ಹೇಳಿದ ಹಾಗೇ ಬರೆದು ಕಳಿಸಿ.