ಪ್ರಕರಣ: ಅರವತ್ತೆರಡರಲ್ಲಿ ಕಥೋಲಿಕ ಸಭೆಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೋಲಾರದ ನಿವೃತ್ತ ನರ್ಸ್, ವಯಸ್ಸು 62, ಗಂಡ ತೀರಿಕೊಂಡಿದ್ದಾರೆ. ಕಥೋಲಿಕ ಸಭೆ ಸೇರುವ ಬಗ್ಗೆ ನಮ್ಮ ಬಳಿ ಸಲಹೆ ಕೇಳಿ ಬಂದರು. ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನದಲ್ಲಿ, ಮದುವೆಯಾಗಿ ಬಂದದ್ದು ಮೆಥೋಡಿಸ್ಟ್ ಮನೆಗೆ. ಚಿಕ್ಕಬಳ್ಳಾಪುರ ಕಡೆಯ ಲಂಡನ್ ಮಿಷನ್ನಿನ ಸಭೆಗಳು (ಚರ್ಚುಗಳು) 1947ರಲ್ಲಿ ಸಿಎಸ್‌ಐನಲ್ಲಿ ಒಂದಾದವು; ಕೋಲಾರದ ಅಮೆರಿಕನ್ ಮೂಲದ ಮೆಥೋಡಿಸ್ಟರು ಸೇರಲಿಲ್ಲ. ಅಂದರೆ ಈಕೆ ಒಮ್ಮೆ ಆಗಲೇ ಸಭೆ ಬದಲಿಸಿದವರೇ. ಸೊಸೆಯಾಗಿ ಬಂದು ಬದಲಿಸಿದ್ದರಿಂದ ಯಾರೂ ಆಗ ತಕರಾರು ತೆಗೆಯಲಿಲ್ಲ.

ಈಗ ಕಥೋಲಿಕರಾಗುತ್ತೇನೆ ಎಂದದ್ದಕ್ಕೆ ಮನೆ ಎರಡು ಕಡೆಯಿಂದ ಎಳೆಯುತ್ತಿದೆ. ಸಭೆಯ ಕಮಿಟಿಯಲ್ಲಿರುವ ಮೈದುನ, "ಅತ್ತಿಗೆ, ನಮ್ಮಣ್ಣನ ಸಭೆ ಬಿಟ್ಟು ಮಾತೆ ಮರಿಯಳ ಮುಂದೆ ಕ್ಯಾಂಡಲ್ ಹಚ್ತೀರಾ?" ಎನ್ನುತ್ತಾರೆ. ಮಗಳು ಪೆಂತೆಕೋಸ್ತ್ ಪಂಗಡದವಳು, ಕೆಲವು ವರ್ಷಗಳ ಹಿಂದೆ ಒತ್ತಾಯಿಸಿ ತಾಯಿಗೆ ಮತ್ತೆ ಮುಳುಗಿಸಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸಿದ್ದಳು.

ಮರಿಯಳು, ಸಂತರು, ಪೋಪ್ ಬಗ್ಗೆ ಅವರಿಗೆ ಗೊಂದಲವಿರಲಿಲ್ಲ, ಓದಿಕೊಂಡಿದ್ದರು. ನಿದ್ದೆ ಕೆಡಿಸಿದ್ದು ಬೇರೆ, ಅದು ಬಾಯಿಗೆ ಬಂದದ್ದು ತಡವಾಗಿ: "ನನ್ನನ್ನ ನಮ್ಮನೆಯವರ ಪಕ್ಕದಲ್ಲಿ ಹೂಳೋಕೆ ಬಿಡ್ತಾರಾ?"

ಆದ್ದರಿಂದ ಮೊದಲ ಸಲಹೆ ಸಮಾಧಿಯದ್ದೇ. ಸ್ಮಶಾನವನ್ನು ತಾನೇ ಆರಿಸಿಕೊಳ್ಳಲು ಕಥೋಲಿಕ ಕಾನೂನು ಸಾಮಾನ್ಯವಾಗಿ ಬಿಡುತ್ತದೆ (ಕ್ಯಾನನ್, ಅಂದರೆ ಸಭೆಯ ಕಾನೂನಿನ ಕಲಂ, 1180). ಬೇರೆಯವರ ಸ್ಮಶಾನವಾದರೆ ಫಾದರ್ ಆ ಗುಂಡಿಯೊಂದನ್ನೇ ಆಶೀರ್ವದಿಸುತ್ತಾರೆ. ಅಡ್ಡಿ ಬರುವುದಾದರೆ ಮೆಥೋಡಿಸ್ಟ್ ಕಡೆಯಿಂದ, ಏಕೆಂದರೆ ಜಾಗ ಅವರ ಕೈಯಲ್ಲಿದೆ, ಸದಸ್ಯತ್ವ ಹೋದರೆ ಹಕ್ಕೂ ಹೋಗಬಹುದು. ನಿರ್ಧಾರ ಊರಿಗೆಲ್ಲ ಹೇಳುವ ಮುನ್ನ ಸಭಾಪಾಲಕರನ್ನು ನೇರವಾಗಿ ಕೇಳಿ, ಮೈದುನನ ಮೂಲಕ ಬೇಡ ಎಂದೆವು.

ಎರಡನೆಯದು ದೀಕ್ಷಾಸ್ನಾನದ ಚೀಟಿ. ನೀರಿನಿಂದ, ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ಆದದ್ದನ್ನು ಕಥೋಲಿಕರು ಮತ್ತೆ ಮಾಡುವುದಿಲ್ಲ. ಶೈಶವದಲ್ಲಿ ಸಿಎಸ್‌ಐನಲ್ಲಿ ಆದದ್ದೇ ಲೆಕ್ಕ; ಮಗಳು ಮಾಡಿಸಿದ್ದು ಏನನ್ನೂ ಸೇರಿಸುವುದಿಲ್ಲ, ಕಳೆಯುವುದೂ ಇಲ್ಲ. ಆದರೂ ಫಾದರಿಗೆ ಹೇಳಿಬಿಡಬೇಕು. ಇವರ ಹೆಸರು ಹಳೆಯ ರಿಜಿಸ್ಟರಿನಲ್ಲಿ ಸಿಗಲಿಲ್ಲ. ಅಂಥಲ್ಲಿ ಕಣ್ಣಾರೆ ಕಂಡ, ನಂಬಿಕಸ್ಥರಾದ ಒಬ್ಬ ಸಾಕ್ಷಿಯ ಹೇಳಿಕೆ ಸಾಕು (ಕ್ಯಾನನ್ 876). ಚಿಕ್ಕಮ್ಮ ಬದುಕಿದ್ದಾರೆ, ಎಂಬತ್ತು ದಾಟಿದೆ. ಅದನ್ನು ಈ ತಿಂಗಳೇ ಬರೆಸಿಕೊಳ್ಳಿ ಎಂದೆವು.

ಉಳಿದದ್ದು ಸಲೀಸು. ಉಪದೇಶದ ತರಗತಿ, ಜೊತೆಗೆ ನಿಲ್ಲಲು ಒಬ್ಬ ಕಥೋಲಿಕರು, ಸ್ವೀಕಾರಕ್ಕೆ (ಸಭೆಗೆ ಸೇರಿಸಿಕೊಳ್ಳುವ ವಿಧಿಗೆ) ಮುಂಚೆ ಪಾಪನಿವೇದನೆ. ಆಮೇಲೆ ಬಲಿಪೂಜೆಯಲ್ಲಿ (ಮಾಸ್) ವಿಶ್ವಾಸ ಪ್ರಕಟಣೆ, ದೃಢೀಕರಣ ಸಂಸ್ಕಾರ, ಪರಮಪ್ರಸಾದ (ಪವಿತ್ರ ರೊಟ್ಟಿ). ದೀಕ್ಷಾಸ್ನಾನ ಆಗಿರುವವರು ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯ ತನಕ ಕಾಯಲೇಬೇಕೆಂದಿಲ್ಲ. ಗಂಡ ಅಥವಾ ಹೆಂಡತಿ ಬದುಕಿದ್ದು, ಹಿಂದೆ ವಿಚ್ಛೇದನವೋ ಮರುಮದುವೆಯೋ ಆಗಿದ್ದರೆ ಮಾತ್ರ ಆ ಪ್ರಶ್ನೆ ಮೊದಲು ತೀರಬೇಕು. ಎಷ್ಟೋ ಜನ ಸಿಕ್ಕಿಬೀಳುವುದು ಇಲ್ಲೇ. ಇವರಿಗೆ ಅದಿಲ್ಲ.

ಮಗಳೊಂದಿಗೆ ವಾದ ಬೇಡ. ಸಿದ್ಧಾಂತದಲ್ಲಿ ತಾಯಿ ಗೆದ್ದರೂ ಮೊಮ್ಮಕ್ಕಳ ಬರವು ನಿಲ್ಲುತ್ತದೆ. ಸ್ವೀಕಾರದ ದಿನ ಕರೆಯಿರಿ, ಆದರೆ ಪರಮಪ್ರಸಾದ ಅವಳಿಗೆ ಕೊಡುವುದಿಲ್ಲವೆಂದು ಮನೆಯಲ್ಲೇ ತಿಳಿಸಿ. ಸಾಲಿನಲ್ಲಿ ನಿಂತು ವಾಪಸ್ಸಾದರೆ ಆ ಅವಮಾನ ಮಾಸುವುದಿಲ್ಲ. ಇನ್ನು ಮುಂದೆ ಮೆಥೋಡಿಸ್ಟ್ ಸಭೆಯ ಪ್ರಭುಭೋಜನವನ್ನು (ಅಲ್ಲಿನ ರೊಟ್ಟಿ, ದ್ರಾಕ್ಷಾರಸ) ತಾವೂ ತೆಗೆದುಕೊಳ್ಳುವಂತಿಲ್ಲ, ಆರಾಧನೆಗೆ ಹೋಗಿ ಕೂರಬಹುದು ಎಂಬುದನ್ನು ಮೈದುನನಿಗೂ ಹೇಳಬೇಕು.

ಸಭಾಪಾಲಕರು ಸಮಾಧಿಗೆ ಅಡ್ಡಿಯಿಲ್ಲ ಎಂದಿದ್ದಾರೆ. ಬಾಯಿಮಾತು ಸಾಲದು, ಅವರಿಗೆ ವರ್ಗವಾಗುತ್ತದೆ. ಕಮಿಟಿಯ ನಡಾವಳಿಯಲ್ಲಿ ಬರೆಸಿ ಪ್ರತಿ ಪಡೆಯಲು ಹೇಳಿದ್ದೇವೆ.