ಜೀನು ಸಿಕ್ಕಿತೆಂದರೆ ಔಷಧ ಸೋತಿತೆಂದೇ?

ಪ್ರಶ್ನೆ: ನನ್ನ ತಾಯಿಯವರಿಗೆ ಮೂತ್ರದ ಸೋಂಕು ಆದಾಗ ಮಂಗಳೂರಿನಲ್ಲಿ ಕಲ್ಚರ್ ಪರೀಕ್ಷೆ (ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧ ನಾಟುತ್ತದೆಂದು ನೋಡುವ ಪರೀಕ್ಷೆ) ಮಾಡಿಸಿದೆವು. ಮೂರು ದಿನಗಳ ಬಳಿಕ ಬಂದ ವರದಿಯಲ್ಲಿ ‘ಇ. ಕೋಲಿ, ಇಎಸ್‌ಬಿಎಲ್’ ಎಂದಿತ್ತು. ಹಲವು ಔಷಧಗಳ ಎದುರು ‘ಆರ್’ (ಪ್ರತಿರೋಧವಿದೆ, ಔಷಧ ನಾಟದು) ಎಂಬ ಗುರುತಿತ್ತು. ಬ್ಯಾಕ್ಟೀರಿಯಾದ ಇಡೀ ಜೀನೋಮನ್ನೇ, ಅಂದರೆ ಅದರ ಎಲ್ಲ ಡಿಎನ್‌ಎ ಬರಹವನ್ನೇ, ಓದಿ ಪ್ರತಿರೋಧದ ಜೀನುಗಳನ್ನು ಪತ್ತೆಹಚ್ಚಬಹುದಂತೆ. ಹಾಗಿದ್ದರೆ ಇಷ್ಟು ದಿನ ಕಾಯಿಸುವ ಪರೀಕ್ಷೆ ಏಕೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಜೀನೋಮ್ ಓದಬೇಕಾದರೂ ಸಾಮಾನ್ಯವಾಗಿ ಮೊದಲು ಬ್ಯಾಕ್ಟೀರಿಯಾವನ್ನು ಕಲ್ಚರಿನಲ್ಲಿ ಬೆಳೆಸಿಕೊಳ್ಳಲೇಬೇಕು, ಆದ್ದರಿಂದ ನೀವು ಭಾವಿಸಿದಷ್ಟು ಸಮಯ ಉಳಿಯುವುದಿಲ್ಲ.

ವರದಿಯಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಸುಮಾರು 50 ಲಕ್ಷ ಅಕ್ಷರಗಳಿವೆ. ಯಂತ್ರವು ಅವನ್ನು ಚೂರುಚೂರಾಗಿ ಓದುತ್ತದೆ. ಕಂಪ್ಯೂಟರ್ ಆ ಚೂರುಗಳನ್ನು ಜೋಡಿಸಿ, ಈಗಾಗಲೇ ಗುರುತಿಸಲಾದ ಪ್ರತಿರೋಧ ಜೀನುಗಳ ಸಂಗ್ರಹದೊಂದಿಗೆ ಹೋಲಿಸುತ್ತದೆ. ‘ಕಾರ್ಡ್’, ‘ರೆಸ್‌ಫೈಂಡರ್’ ಇಂಥ ಪ್ರಸಿದ್ಧ ಸಂಗ್ರಹಗಳು. ನಿಮ್ಮ ತಾಯಿಯವರ ವರದಿಯ ‘ಇಎಸ್‌ಬಿಎಲ್’ ಎಂಬುದು ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆದುಹಾಕುವ ಕಿಣ್ವ; ನಮ್ಮ ದೇಶದಲ್ಲಿ ಅದರ ಹಿಂದೆ ಬಹಳ ಸಲ ಕಾಣಿಸುವುದು ಸಿಟಿಎಕ್ಸ್-ಎಂ-15 ಎಂಬ ಜೀನು.

ತೊಡಕು ಇರುವುದು ಸಿಕ್ಕಿದ್ದನ್ನು ಅರ್ಥೈಸುವಲ್ಲಿ. ಯಕ್ಷಗಾನ ಪ್ರಸಂಗದ ಪುಸ್ತಕ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಇದೆ ಎಂದಮಾತ್ರಕ್ಕೆ ಆ ರಾತ್ರಿ ಆಟ ನಡೆಯಿತೆನ್ನಲಾಗದು. ಹಾಗೆಯೇ ಜೀನು ಇದ್ದರೂ ಅದು ಕಿಣ್ವವನ್ನು ತಯಾರಿಸದೆ ಸುಮ್ಮನಿರಬಹುದು. ಇದಕ್ಕೆ ವಿರುದ್ಧವಾದುದು ಇನ್ನಷ್ಟು ಅಪಾಯಕಾರಿ: ಹೊರಗಿನಿಂದ ಬಂದ ಯಾವ ಜೀನೂ ಸಿಗದಿದ್ದರೂ ಔಷಧ ಸೋಲಬಹುದು. ಸಿಪ್ರೋಫ್ಲಾಕ್ಸಸಿನ್ ಸೋಲುವುದಕ್ಕೆ ಅನೇಕ ಸಲ ಬ್ಯಾಕ್ಟೀರಿಯಾದ ಸ್ವಂತ ‘ಜೈರ್‌ಎ’ ಜೀನಿನಲ್ಲಿ ಆದ ಒಂದೆರಡು ಅಕ್ಷರಗಳ ಬದಲಾವಣೆಯೇ ಕಾರಣ. ಔಷಧ ಒಳನುಗ್ಗುವ ಹೊರಪೊರೆಯ ರಂಧ್ರಗಳನ್ನು ಕಳೆದುಕೊಂಡು ಪಾರಾಗುವ ಬ್ಯಾಕ್ಟೀರಿಯಾಗಳೂ ಇವೆ. ಸಂಗ್ರಹದಲ್ಲಿ ಇನ್ನೂ ಸೇರದ ಜೀನಂತೂ ಹೋಲಿಕೆಗೆ ಸಿಗುವುದೇ ಇಲ್ಲ. ಕಲ್ಚರ್ ಪರೀಕ್ಷೆಗೆ ಈ ಯಾವ ಕಾರಣವೂ ಬೇಕಿಲ್ಲ; ಔಷಧದ ಎದುರು ಬ್ಯಾಕ್ಟೀರಿಯಾ ಬೆಳೆಯಿತೋ ಇಲ್ಲವೋ ಎಂಬುದನ್ನಷ್ಟೇ ಅದು ನೋಡುತ್ತದೆ, ಚಿಕಿತ್ಸೆಗೆ ಬೇಕಾದುದೂ ಅದೇ. (ಕ್ಷಯದ ಮಾತು ಬೇರೆ: ಅದರ ಬ್ಯಾಕ್ಟೀರಿಯಾ ಬೆಳೆಯಲು ವಾರಗಳೇ ಬೇಕಾದ್ದರಿಂದ ಅಲ್ಲಿ ಜೀನಿನ ಪರೀಕ್ಷೆ ನಿಜಕ್ಕೂ ಕಾಲವನ್ನು ಉಳಿಸುತ್ತದೆ.)

ಜೀನೋಮ್ ಓದುವುದರ ನಿಜವಾದ ಬಲವಿರುವುದು ಹರಡುವಿಕೆಯನ್ನು ಬೆನ್ನಟ್ಟುವುದರಲ್ಲಿ. ಇಂಥ ಜೀನುಗಳು ಬಹಳಷ್ಟು ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರವನ್ನೇರಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟುತ್ತವೆ. ಒಂದೇ ವಾರ್ಡಿನ ನಾಲ್ವರಿಗೆ ತಗಲಿದ್ದು ಒಂದೇ ಮೂಲದಿಂದ ಬಂದ ಸೋಂಕೇ ಎಂಬುದನ್ನು ವರದಿಯ ಆರ್, ಎಸ್ (ಔಷಧ ನಾಟುತ್ತದೆ) ಗುರುತುಗಳು ಹೇಳಲಾರವು, ಜೀನೋಮ್ ಹೇಳಬಲ್ಲದು.

ನಿಮ್ಮ ತಾಯಿಯವರ ಮಟ್ಟಿಗೆ ಕೈಯಲ್ಲಿರುವ ವರದಿಯೇ ಸಾಕು. ಅದನ್ನು ಜೋಪಾನವಾಗಿ ಇರಿಸಿಕೊಳ್ಳಿ: ಮುಂದೆ ಸೋಂಕು ಮರುಕಳಿಸಿದರೆ ಹೊಸ ಕಲ್ಚರ್ ವರದಿ ಬರುವ ಮೊದಲೇ ವೈದ್ಯರು ಔಷಧ ಆರಂಭಿಸಬೇಕಾಗಬಹುದು, ಆಗ ಅವರು ಮೊದಲು ಕೇಳುವುದು ಈ ಹಳೆಯ ಹಾಳೆಯನ್ನೇ.