ಏಜೆಂಟ್ ಯಾರ ಕಡೆ? ಮನೆ ಮಾರುವವರ, ಕೊಳ್ಳುವವರ ಐದು ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಏಜೆಂಟರ ಬಗ್ಗೆಯೇ ಇವೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಭಯ, ಇನ್ನು ಕೆಲವರಿಗೆ ಯಾರನ್ನು ನಂಬೋದು ಅನ್ನೋ ಗೊಂದಲ. ನಾನೂ ಹಲವು ವರ್ಷ ಮನೆ ತೋರಿಸುವ, ಮಾರಿಸುವ ಕೆಲಸ ಮಾಡಿದವನು. ಒಳ್ಳೆಯ ಏಜೆಂಟ್ ಸಿಕ್ಕರೆ ತಲೆಯ ಮೇಲಿನ ಭಾರ ಎಷ್ಟು ಇಳಿಯುತ್ತದೆ ಅಂತ ಗೊತ್ತು. ಮೊದಲೇ ಕೇಳಬೇಕಾದ ಒಂದು ಮಾತು ಕೇಳದೆ ಜನ ನಷ್ಟ ಮಾಡಿಕೊಂಡಿದ್ದನ್ನೂ ಕಣ್ಣಾರೆ ನೋಡಿದ್ದೇನೆ. ಬಹಳ ಮಂದಿಗೆ ಉಪಯೋಗವಾಗುವ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಮನೆ ಮಾರಬೇಕು. ಮೂವರು ಏಜೆಂಟರನ್ನು ಕರೆಸಿ ತೋರಿಸಿದೆವು. ಇಬ್ಬರು ಹೆಚ್ಚುಕಡಿಮೆ ಒಂದೇ ಬೆಲೆ ಹೇಳಿದರು. ಮೂರನೆಯವರು ಅದಕ್ಕಿಂತ ಶೇ 15ರಷ್ಟು ಜಾಸ್ತಿ ಕೊಡಿಸ್ತೀನಿ ಅಂದರು. ಮನೆಯಲ್ಲಿ ಎಲ್ಲರಿಗೂ ಮೂರನೆಯವರೇ ಇಷ್ಟ. ಒಪ್ಪಿಕೊಳ್ಳಬಹುದಾ?

ಉತ್ತರ: ಒಪ್ಪುವ ಮುಂಚೆ ಅವರನ್ನು ಎದುರಿಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ. "ಈ ಬೆಲೆ ಬರುತ್ತೆ ಅಂತ ಯಾವ ಆಧಾರದ ಮೇಲೆ ಹೇಳ್ತಿದ್ದೀರಿ?" ನಿಮ್ಮ ಸುತ್ತಮುತ್ತ ಕಳೆದ ಆರು ತಿಂಗಳಲ್ಲಿ ನಿಜವಾಗಿ ಮಾರಾಟವಾದ ಮೂರ್ನಾಲ್ಕು ಮನೆಗಳ ಲೆಕ್ಕ ಅವರ ಬಳಿ ಇರಬೇಕು. ಅಳತೆ ಎಷ್ಟು, ಕಟ್ಟಿ ಎಷ್ಟು ವರ್ಷ ಆಯಿತು, ಮಾರಾಟಕ್ಕಿಟ್ಟ ಎಷ್ಟು ದಿನಕ್ಕೆ ಹೋಯಿತು, ಕೊನೆಗೆ ಎಷ್ಟಕ್ಕೆ ವ್ಯವಹಾರ ಕುದುರಿತು, ಇಷ್ಟನ್ನೂ ಹೇಳಬೇಕು. ಜಾಹೀರಾತಿನಲ್ಲಿ ಹಾಕಿರುವ ಬೆಲೆಗಳನ್ನು ತೋರಿಸಿದರೆ ಪಕ್ಕಕ್ಕಿಡಿ. ಅದು ಮಾರುವವರ ಆಸೆ ಅಷ್ಟೆ. ಕೊಳ್ಳುವವರು ಎಣಿಸಿ ಕೊಟ್ಟ ದುಡ್ಡು ಮಾತ್ರ ಬೆಲೆ.

ಕೆಲಸ ಹಿಡಿಯೋದಕ್ಕೋಸ್ಕರ ಬೆಲೆ ಏರಿಸಿ ಹೇಳುವುದು ಈ ವೃತ್ತಿಯ ಹಳೆಯ ಚಾಳಿ. ಮಾಲೀಕರಿಗೆ ಖುಷಿಯಾಗುತ್ತದೆ, ಸಹಿ ಹಾಕುತ್ತಾರೆ. ಆಮೇಲೆ ಏನಾಗುತ್ತದೆ ನೋಡಿ. ಹೊಸದಾಗಿ ಮಾರಾಟಕ್ಕೆ ಬಂದ ಮನೆಯ ಮೇಲೆ ಜನರ ಕಣ್ಣು ಇರುವುದು ಮೊದಲ ಎರಡು ಮೂರು ವಾರ. ಆ ದಿನಗಳಲ್ಲಿ ಬೆಲೆ ಕೇಳಿಯೇ ಗಿರಾಕಿಗಳು ಹಿಂದೆ ಸರಿಯುತ್ತಾರೆ, ನೋಡೋಕೂ ಬರುವುದಿಲ್ಲ. ಎರಡು ತಿಂಗಳಾದ ಮೇಲೆ ಅದೇ ಏಜೆಂಟ್ ಬಂದು, "ಮಾರ್ಕೆಟ್ ಸ್ವಲ್ಪ ಡಲ್ ಆಗಿದೆ, ಇಳಿಸೋಣ" ಅನ್ನುತ್ತಾರೆ. ಇಳಿಸುವ ಹೊತ್ತಿಗೆ ಜನರ ಬಾಯಲ್ಲಿ ಬೇರೆ ಮಾತು ಶುರುವಾಗಿರುತ್ತದೆ. "ಇಷ್ಟು ದಿನ ಆದ್ರೂ ಯಾಕೆ ಹೋಗಿಲ್ಲ? ಏನೋ ಐಬಿರಬೇಕು." ಮೊದಲ ಇಬ್ಬರು ಹೇಳಿದ ಬೆಲೆಯೂ ಆಗ ಸಿಗದೇ ಹೋಗಬಹುದು.

ಬೇಕಂತಲೇ ಏರಿಸಿ ಹೇಳದಿದ್ದರೂ ಏಜೆಂಟರ ಅಂದಾಜು ತಪ್ಪಬಹುದು. ಗ್ರೆಗರಿ ನಾರ್ಥ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅನ್ನುವ ಇಬ್ಬರು ಸಂಶೋಧಕರು 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಟೂಸಾನ್ ಊರಿನ ಏಜೆಂಟರನ್ನು ನಿಜವಾದ ಮನೆಗೆ ಕರೆದೊಯ್ದು ತೋರಿಸಿ, ವಿವರಗಳ ಕಟ್ಟೊಂದನ್ನು ಕೈಗೆ ಕೊಟ್ಟರು. ಮನೆ ಅದೇ, ವಿವರ ಅದೇ. ಮಾಲೀಕರು ಕೇಳುತ್ತಿರುವ ಬೆಲೆ ಮಾತ್ರ ಒಬ್ಬೊಬ್ಬರ ಕಾಗದದಲ್ಲಿ ಒಂದೊಂದು ಥರ ಇತ್ತು. ಜಾಸ್ತಿ ಬೆಲೆ ಓದಿದವರ ಅಂದಾಜೂ ಜಾಸ್ತಿ ಬಂತು, ಕಮ್ಮಿ ಓದಿದವರದ್ದು ಕಮ್ಮಿ. ಆದರೆ ಆ ಬೆಲೆ ನೋಡಿ ಹೇಳಿದೆವು ಅಂತ ಒಪ್ಪಿಕೊಂಡವರು ಬಹಳ ಕಮ್ಮಿ. ಅದಕ್ಕೇ ಹೇಳೋದು, ಏಜೆಂಟ್ ಮನೆ ನೋಡೋಕೆ ಬಂದಾಗ "ನಮಗೆ ಇಷ್ಟು ಬಂದ್ರೆ ಸಾಕು" ಅಂತ ನೀವಾಗಿಯೇ ಬಾಯಿ ಬಿಡಬೇಡಿ. ಮೂವರೂ ಮೊದಲು ತಮ್ಮ ಲೆಕ್ಕ ಹೇಳಲಿ, ಅಲ್ವಾ?

ನಿಮ್ಮ ಲೆಕ್ಕವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಮನೆ ಕೊಂಡಾಗ ಎಷ್ಟು ಕೊಟ್ಟಿದ್ದೆವು ಅನ್ನುವುದು ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. 1990ರ ದಶಕದ ಬಾಸ್ಟನ್ ಫ್ಲಾಟ್‌ಗಳ ಮಾರಾಟವನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ, ಕೊಂಡ ಬೆಲೆಗಿಂತ ಮಾರುಕಟ್ಟೆ ಕೆಳಗಿಳಿದಿದ್ದ ಮಾಲೀಕರು ಉಳಿದವರಿಗಿಂತ ಜಾಸ್ತಿ ಬೆಲೆ ಕೇಳಿದ್ದೂ, ಅವರ ಮನೆ ಮಾರಾಟವಾಗೋಕೆ ಹೆಚ್ಚು ಕಾಲ ಹಿಡಿದದ್ದೂ ಕಂಡುಬಂತು. ಆ ಗೋಡೆಗಳ ನಡುವೆ ಮಕ್ಕಳು ಬೆಳೆದಿರುತ್ತಾರೆ, ಆ ಪ್ರೀತಿ ಇರಬೇಕಾದ್ದೇ. ಆದರೆ ಕೊಳ್ಳುವವರು ಅದಕ್ಕೆ ಬೆಲೆ ಕಟ್ಟುವುದಿಲ್ಲ.

ಮೂರನೆಯವರ ಬಳಿ ಗಟ್ಟಿ ಆಧಾರ ಇದ್ದರೆ ಧಾರಾಳವಾಗಿ ಅವರಿಗೇ ಕೊಡಿ. ಬರೀ ಭರವಸೆ ಇದ್ದರೆ, ಮೊದಲಿಬ್ಬರಲ್ಲಿ ನಿಮ್ಮ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಟ್ಟವರನ್ನು ಆರಿಸಿ.

ಪ್ರಶ್ನೆ: ಮನೆ ಮಾರಾಟಕ್ಕಿಟ್ಟು ಮೂರು ವಾರ ಆಯಿತು. ಒಂದು ಆಫರ್ ಬಂದಿದೆ, ನಾವು ಅಂದುಕೊಂಡಿದ್ದಕ್ಕಿಂತ ಶೇ 5ರಷ್ಟು ಕಮ್ಮಿ. ಏಜೆಂಟ್ "ಒಪ್ಪಿಕೊಂಡುಬಿಡಿ, ಇದಕ್ಕಿಂತ ಒಳ್ಳೆಯದು ಸಿಗಲ್ಲ" ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಜಾಸ್ತಿ ಬೆಲೆ ಬಂದರೆ ಅವರ ಕಮಿಷನ್ನೂ ಜಾಸ್ತಿ ತಾನೇ? ಹಾಗಿದ್ದರೆ ಯಾಕೆ ಅವಸರ?

ಉತ್ತರ: ಲೆಕ್ಕ ಹಾಕಿ ನೋಡಿ. ಕಮಿಷನ್ ಶೇ 2 ಅಂತ ಇಟ್ಟುಕೊಳ್ಳೋಣ. ನೀವು ಅಂದುಕೊಂಡ ಬೆಲೆ 100 ಆದರೆ ಈಗ ಬಂದಿರುವುದು 95. ಕಾದು ಪೂರ್ತಿ ಬೆಲೆ ಬಂದರೆ ನಿಮ್ಮ ಕೈಗೆ ಹತ್ತಿರ ಹತ್ತಿರ 5 ಜಾಸ್ತಿ. ಏಜೆಂಟರಿಗೆ? ಇವತ್ತು 1.9 ಸಿಗುತ್ತದೆ, ಕಾದರೆ 2. ವ್ಯತ್ಯಾಸ ಬರೀ 0.1. ಅದಕ್ಕೋಸ್ಕರ ಅವರು ಇನ್ನೂ ಒಂದೆರಡು ತಿಂಗಳು ಓಡಾಡಬೇಕು, ಜಾಹೀರಾತಿಗೆ ಖರ್ಚು ಮಾಡಬೇಕು. ಮೇಲಾಗಿ ಕೈಯಲ್ಲಿರುವ 1.9 ತಪ್ಪಿಹೋಗುವ ಭಯ ಬೇರೆ. ಅವರು ಕೆಟ್ಟವರೇ ಆಗಬೇಕಿಲ್ಲ. ಕಮಿಷನ್ ಬರುವ ರೀತಿಯೇ ಅವಸರ ಮಾಡಿಸುತ್ತದೆ.

ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಷಿಕಾಗೊ ಸುತ್ತಮುತ್ತಲ ಸುಮಾರು 1 ಲಕ್ಷ ಮನೆಗಳ ಮಾರಾಟ ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ 3,300ಕ್ಕೂ ಹೆಚ್ಚು ಮನೆಗಳು ಏಜೆಂಟರ ಸ್ವಂತದವು. ಅದೇ ಥರದ ಬೇರೆಯವರ ಮನೆಗಳಿಗೆ ಹೋಲಿಸಿದರೆ, ಏಜೆಂಟರು ತಮ್ಮ ಮನೆಯನ್ನು ಸರಾಸರಿ 9.5 ದಿನ ಹೆಚ್ಚು ಕಾದು, ಶೇ 3.7ರಷ್ಟು ಜಾಸ್ತಿ ಬೆಲೆಗೆ ಮಾರಿದ್ದರು. ತಮ್ಮದಾದರೆ ಕಾಯುತ್ತಾರೆ ಅಂತಾಯಿತು.

ಹಾಗಂತ ಬಂದ ಆಫರನ್ನು ಸುಮ್ನೆ ತಳ್ಳಿಬಿಡಬೇಡಿ. ಏಜೆಂಟರನ್ನು ನೇರವಾಗಿ ಕೇಳಿ. "ಇದು ನಿಮ್ಮದೇ ಮನೆ ಆಗಿದ್ರೆ ಏನು ಮಾಡ್ತಿದ್ರಿ? ಯಾಕೆ?" ಇಲ್ಲಿವರೆಗೆ ಎಷ್ಟು ಜನ ಬಂದು ನೋಡಿದರು, ಅವರು ಏನೆಂದರು ಅನ್ನುವುದನ್ನೂ ಕೇಳಿ. ಮೂರು ವಾರದಲ್ಲಿ ಹದಿನೈದು ಜನ ನೋಡಿ ಒಂದೇ ಆಫರ್ ಬಂದಿದ್ದರೆ ಬೆಲೆ ಸ್ವಲ್ಪ ಜಾಸ್ತಿ ಇದೆ ಅಂತ ಅರ್ಥ. ಮೂವರೇ ನೋಡಿದ್ದರೆ ಮನೆಯ ಸುದ್ದಿ ಜನಕ್ಕೆ ಸರಿಯಾಗಿ ತಲುಪಿಲ್ಲ, ಫೋಟೊಗಳನ್ನು ಒಮ್ಮೆ ನೋಡಿ. ಕತ್ತಲೆ ಕೋಣೆಯಲ್ಲಿ ಮೊಬೈಲ್‌ನಲ್ಲಿ ಅವಸರಕ್ಕೆ ತೆಗೆದ ಚಿತ್ರ ಇದ್ದರೆ ಯಾರು ಬರುತ್ತಾರೆ? ಬೆಲೆ ಇಳಿಸುವ ಮುಂಚೆ ಅದನ್ನು ಸರಿಮಾಡಿಸಿ. ಬಂದ ಪಾರ್ಟಿಗೆ ಖಂಡಿತ ಆಗಲ್ಲ ಅನ್ನುವ ಬದಲು ನಡುವಿನ ಒಂದು ಬೆಲೆ ಹೇಳಿ ಕಳಿಸಿ. ಮಾತುಕತೆ ಅಲ್ಲಿಂದ ಮುಂದುವರಿಯಲಿ.

ಪ್ರಶ್ನೆ: ಒಬ್ಬ ಏಜೆಂಟ್ ಜೊತೆ ಮನೆ ನೋಡುತ್ತಿದ್ದೇವೆ. ತುಂಬ ಒಳ್ಳೆಯವರು, ನಮ್ಮ ಬಜೆಟ್, ಸಾಲ ಎಲ್ಲ ಅವರಿಗೆ ಗೊತ್ತು. ಈಗ ಇಷ್ಟವಾಗಿರುವ ಮನೆಯನ್ನು ಮಾಲೀಕರ ಪರವಾಗಿ ಮಾರಿಸುತ್ತಿರುವವರೂ ಅವರೇ ಅಂತ ತಿಳಿಯಿತು. ತೊಂದರೆ ಇದೆಯಾ?

ಉತ್ತರ: ಇದೆ. ಈಗಲೂ ಸರಿಮಾಡಿಕೊಳ್ಳಬಹುದು.

ನನ್ನ ಮೊದಲ ವರ್ಷಗಳ ಒಂದು ಸಂಜೆ ನೆನಪಾಗುತ್ತದೆ. ಗಂಡ ಹೆಂಡತಿ ಮನೆ ನೋಡೋಕೆ ಬಂದಿದ್ದರು. ಅಡುಗೆಮನೆಯ ಕಿಟಕಿ ತೆಗೆದದ್ದೇ ತಡ, ಹಿತ್ತಲಿನ ಮರ ಕಾಣಿಸಿತು. ಆಕೆ ಕಿಟಕಿಯ ಸರಳು ಹಿಡಿದು ನಿಂತುಬಿಟ್ಟರು. "ಇದೇ ಬೇಕು ರೀ, ಎಷ್ಟಾದ್ರೂ ಸರಿ" ಅಂದರು. ಆತ ನನ್ನ ಕಡೆ ತಿರುಗಿ, "ಸರ್, ಬ್ಯಾಂಕಿನವರು ಇನ್ನೂ ಶೇ 10 ಜಾಸ್ತಿ ಕೊಡ್ತೀನಿ ಅಂದಿದ್ದಾರೆ, ಹೇಗಾದ್ರೂ ಮಾಡಿ ಕೊಡಿಸಿ" ಅಂದರು. ನಾನು ಮಾರುವವರ ಕಡೆಯ ಏಜೆಂಟ್. ಅದನ್ನು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆ ಮಾತನ್ನು ಮಾಲೀಕರಿಗೆ ತಿಳಿಸುವುದು ನನ್ನ ಕರ್ತವ್ಯವೇ ಆಗಿತ್ತು, ತಿಳಿಸಿದೆ. ಮನೆ ಅವರಿಗೇ ಸಿಕ್ಕಿತು. ಆದರೆ ಕೊಡಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟರು. ಅದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಆಮೇಲೆ ಯಾರಿಗೇ ಮನೆ ತೋರಿಸುವಾಗಲೂ ಬಾಗಿಲಲ್ಲೇ ನಿಂತು ನಾನು ಯಾರ ಕಡೆಯವನು ಅಂತ ಹೇಳುವುದನ್ನು ರೂಢಿ ಮಾಡಿಕೊಂಡೆ.

ಒಬ್ಬರೇ ಎರಡೂ ಕಡೆ ನಿಂತರೆ ಚೌಕಾಸಿಯಲ್ಲಿ ಯಾರ ಪರ ಮಾತಾಡುತ್ತಾರೆ? ಒಬ್ಬರಿಗೆ ಬೆಲೆ ಏರಬೇಕು, ಇನ್ನೊಬ್ಬರಿಗೆ ಇಳಿಯಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಅವಕಾಶ ಇರುವ ರಾಜ್ಯಗಳಲ್ಲೂ ಇಬ್ಬರಿಗೂ ತಿಳಿಸಿ, ಇಬ್ಬರ ಒಪ್ಪಿಗೆ ಪಡೆದೇ ಮಾಡಬೇಕು. ನಿಮ್ಮ ಕಡೆ ಕಾನೂನು ಏನೇ ಇರಲಿ, ನೀವು ಕೇಳುವುದನ್ನು ಯಾರೂ ತಡೆಯಲ್ಲ. ಇವತ್ತೇ ಫೋನ್ ಮಾಡಿ ಕೇಳಿ: ಈ ಮನೆಯ ವಿಷಯದಲ್ಲಿ ನೀವು ಯಾರ ಕಡೆ? ಎರಡೂ ಕಡೆಯಿಂದ ಕಮಿಷನ್ ತಗೋತೀರಾ? ಉತ್ತರವನ್ನು ಮೆಸೇಜ್‌ನಲ್ಲಿ ಬರೆದು ಕಳಿಸೋಕೆ ಹೇಳಿ. ಒಳ್ಳೆಯವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅವರು ಮಾರುವವರ ಕಡೆ ಅಂತಾದರೆ ಬೆಲೆಯ ಮಾತುಕತೆಗೆ ಬೇರೆ ಏಜೆಂಟರನ್ನೋ ವಕೀಲರನ್ನೋ ಜೊತೆಗಿಟ್ಟುಕೊಳ್ಳಿ. ಬಜೆಟ್ ಹೇಳಿಯಾಗಿದೆ, ಅದನ್ನು ವಾಪಸ್ ಪಡೆಯೋಕಾಗಲ್ಲ. ಆದರೆ ಕೊಡೋಕೆ ಆಗುವುದು ಬೇರೆ, ಈ ಮನೆಗೆ ಕೊಡೋಕೆ ಒಪ್ಪುವುದು ಬೇರೆ. "ಅಷ್ಟು ಸಾಲ ಸಿಗುತ್ತೆ ನಿಜ, ಈ ಮನೆಗೆ ಅಷ್ಟು ಬೆಲೆ ಇಲ್ಲ ಅಂತ ನಮ್ಮ ಅಭಿಪ್ರಾಯ" ಅಂತ ಸ್ಪಷ್ಟವಾಗಿ ಹೇಳಿ. ಎಷ್ಟು ಬೇಗ ಮನೆ ಬೇಕು, ಯಾಕೆ ಬೇಕು ಅನ್ನುವುದನ್ನು ಇನ್ನು ಮುಂದೆ ಯಾರ ಮುಂದೆಯೂ ಹೇಳಬೇಡಿ.

ಪ್ರಶ್ನೆ: "ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ ಟೋಕನ್ ಅಡ್ವಾನ್ಸ್ ಕೊಟ್ಟುಬಿಡಿ ಮೇಡಂ" ಅಂತ ಏಜೆಂಟ್ ಒತ್ತಾಯ ಮಾಡುತ್ತಿದ್ದಾರೆ. ಮನೆ ನೋಡಿದ್ದು ಒಂದೇ ಸಲ. ಕೈತಪ್ಪಿ ಹೋಗುತ್ತೇನೋ ಅಂತ ಭಯ.

ಉತ್ತರ: ಆ ಪಾರ್ಟಿ ನಿಜವಾಗಿಯೂ ಇರಬಹುದು. ಆದರೂ ಇವತ್ತು ಕೊಡಬೇಡಿ ಮೇಡಂ. ಇನ್ನೊಂದು ಸಲ ಮನೆ ನೋಡಿ. ಮೊದಲ ಸಲ ಬೆಳಗ್ಗೆ ಹೋಗಿದ್ದರೆ ಈ ಸಲ ರಾತ್ರಿ ಹೋಗಿ. ಮಳೆ ಬಂದ ಮಾರನೇ ದಿನವಾದರೆ ಇನ್ನೂ ಒಳ್ಳೆಯದು. ಎಲ್ಲ ಗೋಡೆ ಹಳೆಯದಾಗಿ, ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲೇ ನಿಲ್ಲಿ. ಬೀರು ಸರಿಸೋಕೆ ಹೇಳಿ, ಹಿಂದೆ ಕೈ ಆಡಿಸಿ. ತಣ್ಣಗಿದೆಯಾ? ಹೆಬ್ಬೆರಳಿನಿಂದ ಒತ್ತಿದರೆ ಬಣ್ಣ ಉಬ್ಬಿದ ಹಪ್ಪಳದ ಹಾಗೆ ಮುರಿದು ಉದುರುತ್ತದಾ? ಹಾಗಿದ್ದರೆ ಒಳಗೆ ನೀರು ಇಳಿಯುತ್ತಿದೆ. ಬಚ್ಚಲು ಆ ಗೋಡೆಯ ಆಚೆ ಇದೆಯಾ ನೋಡಿ. ಎಲ್ಲ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ, ನೀರಿನ ರಭಸ ಗೊತ್ತಾಗುತ್ತದೆ. ಸಾಧ್ಯವಾದರೆ ಒಬ್ಬ ಇಂಜಿನಿಯರನ್ನು ಕರೆದುಕೊಂಡು ಹೋಗಿ. ಅವರ ಫೀಸು ಮನೆಯ ಬೆಲೆಯ ಮುಂದೆ ಏನೇನೂ ಅಲ್ಲ.

ಕಾಗದಪತ್ರ ನೋಡುವ ವಕೀಲರು ನೀವೇ ಹುಡುಕಿದವರಾಗಿರಲಿ, ಏಜೆಂಟ್ ಕರೆತಂದವರು ಬೇಡ. ಮನೆ ನಿಜಕ್ಕೂ ಯಾರ ಹೆಸರಲ್ಲಿದೆ, ಬೇರೆ ಪಾಲುದಾರರಿದ್ದಾರಾ, ಸಾಲವೋ ಕೋರ್ಟ್ ಕೇಸೋ ಇದೆಯಾ ಅನ್ನುವುದನ್ನು ಅವರು ನೋಡಲಿ.

ಆಮೇಲೂ ಮನಸ್ಸಿಗೆ ಬಂದರೆ ಅಡ್ವಾನ್ಸ್ ಕೊಡಿ. ಆದಷ್ಟು ಸಣ್ಣ ಮೊತ್ತ, ಬ್ಯಾಂಕ್ ಮೂಲಕ, ಏಜೆಂಟರ ಕೈಗಲ್ಲ, ಕಾಗದದಲ್ಲಿ ಹೆಸರಿರುವ ಮಾಲೀಕರ ಖಾತೆಗೆ. ರಸೀದಿಯಲ್ಲಿ ಮೂರು ವಿಷಯ ಬರೆಸಿ: ಸಾಲ ಮಂಜೂರಾಗದಿದ್ದರೆ, ಪತ್ರಗಳಲ್ಲಿ ದೋಷ ಕಂಡರೆ ಹಣ ವಾಪಸ್, ಎಷ್ಟು ದಿನದೊಳಗೆ ವಾಪಸ್, ಅಲ್ಲಿವರೆಗೆ ಬೇರೆಯವರಿಗೆ ಮಾರುವಂತಿಲ್ಲ. ಇದನ್ನು ಬರೆದುಕೊಡೋಕೆ ಹಿಂಜರಿದರೆ ಆ ಮನೆ ಬಿಟ್ಟುಬಿಡಿ. ಮನೆ ತಪ್ಪಿದರೆ ಇನ್ನೊಂದು ಹುಡುಕಬಹುದು. ಕೊಟ್ಟ ಅಡ್ವಾನ್ಸ್ ವಸೂಲಿಗೆ ವರ್ಷಗಟ್ಟಲೆ ಅಲೆದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಏಜೆಂಟ್ ಮನೆ ತೋರಿಸಿದರು. ಈಗ ಮಾಲೀಕರು "ನೇರ ನಾವೇ ಮಾತಾಡಿಕೊಳ್ಳೋಣ, ಕಮಿಷನ್ ಉಳಿಯುತ್ತೆ" ಅನ್ನುತ್ತಿದ್ದಾರೆ. ತಪ್ಪಾ?

ಉತ್ತರ: ತಪ್ಪು. ಅವರು ಹುಡುಕಿ ತೋರಿಸಿದ್ದಕ್ಕೇ ನಿಮಗೆ ಆ ಮನೆ ಗೊತ್ತಾದದ್ದು. ಅವರ ದುಡಿಮೆಯ ಕೂಲಿ ಕೊಡದೆ ಇರುವುದು ಸರಿಯಲ್ಲ. ಮಾಲೀಕರು ಏಜೆಂಟ್ ಜೊತೆ ಕರಾರು ಮಾಡಿಕೊಂಡಿದ್ದರೆ, ಅವಧಿ ಮುಗಿದ ಮೇಲೂ ಇಂತಿಷ್ಟು ತಿಂಗಳು ಅವರು ತೋರಿಸಿದ ಗಿರಾಕಿಗೆ ಮಾರಿದರೆ ಕಮಿಷನ್ ಕೊಡಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆಗ ಜಗಳ ನಿಮ್ಮ ಮನೆ ಬಾಗಿಲಿಗೂ ಬರಬಹುದು. ಇನ್ನೊಂದು ಮಾತು: ಏಜೆಂಟರಿಗೆ ಕೊಟ್ಟ ಮಾತು ತಪ್ಪುವ ಮಾಲೀಕರು ಮನೆಯ ಬಗ್ಗೆ ನಿಮಗೆ ಎಲ್ಲವನ್ನೂ ಹೇಳಿದ್ದಾರಾ ಅಂತ ಯೋಚಿಸಿ.

ಕಮಿಷನ್ ಜಾಸ್ತಿ ಅನಿಸಿದರೆ ಏಜೆಂಟರ ಜೊತೆಯೇ ಕೂತು ಮಾತಾಡಿ. ಅದೂ ಚೌಕಾಸಿ ಮಾಡಬಹುದಾದ ವಿಷಯವೇ. ಅರ್ಧ ಕರಾರಿನ ದಿನ, ಉಳಿದರ್ಧ ಬೀಗದ ಕೈ ನಿಮ್ಮ ಕೈಗೆ ಬಂದ ದಿನ ಅಂತ ಕೇಳಿ ನೋಡಿ. ಬಹಳಷ್ಟು ಏಜೆಂಟರು ಇದಕ್ಕೆ ಒಪ್ಪುತ್ತಾರೆ. ಪತ್ರಗಳ ಕೆಲಸ ಪೂರ್ತಿ ಮುಗಿಯುವವರೆಗೂ ನಿಮ್ಮ ಫೋನ್ ಎತ್ತುತ್ತಾರೆ.